ಮನವಿ ಪೆಟ್ಟಿಗೆಯ ಗಂಟಲಲ್ಲಿ ಸಿಕ್ಕಿಕೊಂಡ ಪುಸ್ತಕ

ಗ್ರಂಥಾಲಯದ ಬಾಗಿಲಾಚೆ ಬಿಸಿಲು ಗಾಳಿಯೆನ್ನದೆ ನಿಂತಿರುವ ಮನವಿ ಪೆಟ್ಟಿಗೆಯವರ ನಾಲ್ಕೂ ಕಾಲುಗಳಿಗೆ ವಂದಿಸಿ ಬರೆದುಕೊಳ್ಳುವುದು.

ಮಾನ್ಯರೇ,

ಮೊದಲು ನನ್ನ ಪರಿಚಯ. ತಾವು ಕಾವಲಿರುವ ಈ ಗ್ರಂಥಾಲಯದ ಹದಿನೆಂಟು ಸಾವಿರ ಪುಸ್ತಕಗಳನ್ನೂ ನಾನು ಎರಡೆರಡು ಸಲ ಓದಿ ಮುಗಿಸಿದ್ದೇನೆ, ಎರಡನೆಯ ಸಲ ಬೇಸರವಾಗದಿರಲೆಂದು ಕೊನೆಯ ಪುಟದಿಂದ ಹಿಂದಕ್ಕೆ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗಲೇ ನಮ್ಮೂರ ಶಾಲೆಯ ಮೇಷ್ಟ್ರು "ಇನ್ನು ನಿನಗೆ ಕಲಿಸೋಕೆ ನನ್ನ ಕೈಲಾಗಲ್ಲಪ್ಪ" ಎಂದು ಕೈ ಮುಗಿದಿದ್ದರು.

ಇಂಥ ವಿದ್ವಾಂಸನ ಕೈಗೆ ಮೂರು ತಿಂಗಳ ಹಿಂದೆ ಅಕ್ಕನ ಮಗಳು ಒಂದು ಪುಸ್ತಕ ಕೊಟ್ಟಳು. ಅವಳು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಮುಂದೆ ಆ ಹಾಸಿಗೆಗಳ ಪಕ್ಕದಲ್ಲೇ ನರ್ಸಾಗಿ ನಿಲ್ಲಬೇಕೆಂದು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಕೆಲಸ ಬಿಡುವುದು ಆರಕ್ಕೆ, ಗ್ರಂಥಾಲಯ ಮುಚ್ಚುವುದು ಐದಕ್ಕೆ, ಭಾನುವಾರ ಇಬ್ಬರಿಗೂ ರಜೆ. ಓದುವವರು ಬಂದು ಪುಸ್ತಕಗಳ ನಿದ್ದೆ ಕೆಡಿಸದಿರಲೆಂದು ಮಾಡಿರುವ ಈ ಏರ್ಪಾಡನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೀಗಾಗಿ ಪುಸ್ತಕ ಹನ್ನೆರಡು ದಿನ ತಡವಾಗಿತ್ತು. "ಮಾವ, ಕೌಂಟರಲ್ಲೇ ಕೊಟ್ಟು ರಸೀದಿ ಇಸ್ಕೊಂಡು ಬಾ. ನಿನ್ನ ಬುದ್ಧಿವಂತಿಕೆ ಮನೇಲೇ ಇಟ್ಟು ಹೋಗು" ಎಂದು ಮೂರು ಸಲ ಹೇಳಿದಳು.

ಅಷ್ಟೊಂದು ಬುದ್ಧಿವಂತಿಕೆ ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಕೌಂಟರಿಗೆ ಹೋದರೆ ತಾನೆ ದಂಡ ಕೇಳುವುದು, ಹೊರಗಿನ ವಾಪಸು ಪೆಟ್ಟಿಗೆಗೆ ಹಾಕಿ ಬಂದುಬಿಟ್ಟರೆ ಯಾರು ಕೇಳುತ್ತಾರೆ ಎಂದು ಲೆಕ್ಕ ಹಾಕಿ, ಕನ್ನಡಕದ ಹಂಗಿಲ್ಲದ ಹದ್ದಿನ ಕಣ್ಣಿನವನಾದ ನಾನು ಅದನ್ನು ತಮ್ಮ ಬಾಯಿಗಿಟ್ಟೆ. ಪುಸ್ತಕ ದಪ್ಪ, ಬಾಯಿ ಕಿರಿದು. ಕೊಡೆಯ ಹಿಡಿಯಿಂದ ನಾಲ್ಕು ಗುದ್ದು ಗುದ್ದಿದ ಮೇಲೆ ಗಂಟಲವರೆಗೆ ಇಳಿದು ನಿಂತಿತು, ಇಂದಿಗೂ ಅಲ್ಲೇ ನಿಂತಿದೆ. ಪಕ್ಕದಲ್ಲೇ ಇದ್ದ ನಿಜವಾದ ವಾಪಸು ಪೆಟ್ಟಿಗೆ ಅಷ್ಟಗಲ ಬಾಯಿ ತೆರೆದುಕೊಂಡು ನೋಡುತ್ತಿತ್ತೇ ಹೊರತು ಒಂದು ಮಾತು ಆಡಲಿಲ್ಲ.

ಗುಮಾಸ್ತರಿಗೆ ಕುಳಿತಲ್ಲಿಂದಲೇ ಪುಸ್ತಕದ ಬೆನ್ನು ಕಾಣುತ್ತದೆ. ಆದರೂ ಕೌಂಟರಿಗೆ ಬರುವವರೆಗೆ ಅದು ಬಂದಂತಲ್ಲವಂತೆ. ದಿನಕ್ಕೆ ಐದು ರೂಪಾಯಿಯಂತೆ ದಂಡ ಬೆಳೆದು ಐನೂರ ನಲವತ್ತಾಗಿದೆ. ತಮ್ಮ ಬೀಗದ ಕೈ ವರ್ಗವಾಗಿ ಹೋದ ಸಾಹೇಬರ ಜೇಬಿನಲ್ಲಿದೆಯಂತೆ, ಬೀಗ ಒಡೆಯಲು ಮೇಲಿನಿಂದ ಅಪ್ಪಣೆ ಬೇಕಂತೆ. ದಂಡ ಕಟ್ಟುವವರೆಗೆ ಸೋದರಸೊಸೆಯ ಕಾರ್ಡು ಬಂದ್. ಪುಸ್ತಕದ ಎರಡನೆಯ ಭಾಗ ಸಿಗುವುದಿಲ್ಲ, ಕೂಲಿ ಬಿಟ್ಟು ರಜೆ ಹಾಕಿ ಬಂದರೂ ಒಳಗೆ ಕೂತು ಓದುವಂತಿಲ್ಲ. ಪರೀಕ್ಷೆಗೆ ಉಳಿದಿರುವುದು ಇಪ್ಪತ್ತೊಂದೇ ದಿನ. ದುಡ್ಡಿಲ್ಲದವಳು ಓದಿ ದುಡ್ಡು ಸಂಪಾದಿಸಿ ದಂಡ ಕಟ್ಟಿಬಿಟ್ಟಾಳೆಂಬ ಅಪಾಯವನ್ನು ಇಷ್ಟು ಮುಂಚಿತವಾಗಿ ತಪ್ಪಿಸಿದ ಇಲಾಖೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಗ್ರಂಥಾಲಯಕ್ಕೆ ಕರುಣೆ ಇಲ್ಲವೆನ್ನಲಾರೆ. ಕಟ್ಟಲಾಗದವರು ದಂಡ ಮನ್ನಾ ಕೋರಿ ಅರ್ಜಿ ಹಾಕಬಹುದೆಂದು ಗೋಡೆಯ ಮೇಲೆ ಬೋರ್ಡೇ ಇದೆ. ಆ ಅರ್ಜಿ ಹಾಕಬೇಕಾದದ್ದು ತಮ್ಮ ಬಾಯಿಗೆ. ತಮ್ಮ ಬಾಯಲ್ಲಿ ನಮ್ಮ ಪುಸ್ತಕ. ಪ್ರತಿ ತಿಂಗಳ ಮೊದಲ ದಿನ ಗುಮಾಸ್ತರು ತಮ್ಮನ್ನು ಎರಡೂ ಕೈಯಿಂದ ಅಲ್ಲಾಡಿಸಿ, ಒಳಗೆ ಸದ್ದಿಲ್ಲವೆಂದು 'ಅರ್ಜಿಗಳು ಸೊನ್ನೆ' ಎಂದು ಬರೆದುಕೊಳ್ಳುತ್ತಾರೆ. ಮೂರು ಸೊನ್ನೆ ಸೇರಿದ್ದರಿಂದ ಈಗ ಹೊಸ ನೋಟೀಸು ಬಂದಿದೆ: ಈ ಭಾಗದಲ್ಲಿ ದಂಡ ಕಟ್ಟಲಾಗದ ಓದುಗರೇ ಇಲ್ಲವಾದ್ದರಿಂದ ಮನ್ನಾ ಸೌಲಭ್ಯ ತಿಂಗಳ ಕೊನೆಗೆ ರದ್ದು. ಒಂದು ಪುಸ್ತಕದಿಂದ ಇಡೀ ಊರಿನ ಬಡತನವನ್ನು ಹೋಗಲಾಡಿಸಿದ ಕೀರ್ತಿ ನಮ್ಮಿಬ್ಬರಿಗೂ ಸಮಪಾಲು. ಕೈಗಾಡಿಯಲ್ಲಿ ತರಕಾರಿ ಮಾರುವಾಕೆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಎಂಟು ಮಡಿಕೆ ಮಾಡಿ, ತುರುಕಲಾಗದೆ ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದದ್ದನ್ನು ನಾನೇ ನೋಡಿದೆ. ಆಗ ನಾನು ಕಂಬದ ಹಿಂದೆ ನಿಂತಿದ್ದೆ.

ಆದ್ದರಿಂದ ದಯಮಾಡಿ ಒಮ್ಮೆ ಜೋರಾಗಿ ಕೆಮ್ಮಬೇಕು. ಆಗದಿದ್ದರೆ ಹತ್ತು ಹೆಜ್ಜೆ ನಡೆದು ಕೌಂಟರಿನ ಮುಂದೆ ಹಾಜರಾಗಬೇಕು. ಎರಡೇ ಕಾಲಿನ ಗುಮಾಸ್ತರು ಎದ್ದು ಬರುವುದಕ್ಕಿಂತ ಅದು ಸುಲಭ. ಅದೂ ಆಗದಿದ್ದರೆ, ತೊಂಬತ್ತಾರು ದಿನ ಪುಸ್ತಕ ಇಟ್ಟುಕೊಂಡವರು ತಾವಾದ್ದರಿಂದ ಅಷ್ಟು ದಿನದ ದಂಡವನ್ನು ತಾವೇ ಕಟ್ಟಬೇಕು. ಶಕ್ತಿಯಿಲ್ಲವಾದರೆ ಮನ್ನಾ ಅರ್ಜಿ ಬರೆದು ತಮ್ಮ ಬಾಯಿಗೆ ತಾವೇ ಹಾಕಿಕೊಳ್ಳಬೇಕು. ಈ ಪತ್ರವೂ ನ್ಯಾಯವಾಗಿ ತಮ್ಮ ಹೊಟ್ಟೆ ಸೇರಬೇಕಿತ್ತು. ದಾರಿಯಿಲ್ಲದೆ ಹಣೆಗೆ ಅಂಟಿಸಿ ಬಹಿರಂಗ ಮಾಡಿದ್ದೇನೆ. ಈ ವ್ಯವಹಾರದಲ್ಲಿ ನನಗಾದ ನಷ್ಟ ಲಕ್ಷದ ಮೇಲಿದೆ, ಮಾನ ಹೋದದ್ದು ಬೇರೆ.

ಇತಿ, ತಮ್ಮ ಗಂಟಲ ನೋವಿಗೆ ಕಾರಣನೂ ತಮ್ಮ ವಿಶ್ವಾಸಿಯೂ ಆದ
ಆ ಹುಡುಗಿಯ ಸೋದರಮಾವ

ಮರೆತಿದ್ದ ಮಾತು: ಸಂಜೆ ಆರರ ಮೇಲೆ ಬಂದವರಿಗೂ ಓದಲು ಸಿಗುವ ಬರಹ ಈ ಗ್ರಂಥಾಲಯದಲ್ಲಿ ಇದೊಂದೇ ಆದ್ದರಿಂದ ಸೊಸೆಯೂ ಇದನ್ನು ಓದುತ್ತಾಳೆ, ಲಕ್ಷವೆಂದದ್ದನ್ನು ತಿದ್ದಲೇಬೇಕು. ಪುಸ್ತಕದ ಜೊತೆ ಅವಳು ಹನ್ನೆರಡು ದಿನದ ದಂಡವನ್ನೂ ಎಣಿಸಿ ಕೊಟ್ಟಿದ್ದಳು. ಅದರಲ್ಲಿ ನಾನು ಕಟಿಂಗ್ ಮಾಡಿಸಿ, ಗಡ್ಡ ತೆಗೆಸಿ, ಅವಳು ರಸೀದಿ ಕೇಳಿದಾಗ "ಅವರು ಈಗ ರಸೀದಿ ಕೊಡಲ್ವಂತೆ ಕಣಮ್ಮ" ಎಂದಿದ್ದೆ. ನಾನು ಕಳೆದದ್ದು ಒಟ್ಟು ಅರವತ್ತು ರೂಪಾಯಿ, ಅದೂ ಅವಳದ್ದು.