ಕೆಂದಿ ಬರಲಿಲ್ಲ

ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು, ಖಚಿತವಾಗಿ ಹೇಳಲಾರೆ. ನಮ್ಮ ದೊಡ್ಡಪ್ಪ ಪಕ್ಕದ ಅಪಾರ್ಟ್‌ಮೆಂಟಿನವರ ಮೇಲೆ ನಕ್ಷತ್ರ ಕದ್ದ ಆರೋಪ ಹೊರಿಸಿದ್ದು ಮಾತ್ರ ನಿಜ. ಅಲ್ಲಿನ ವಾಚ್‌ಮನ್ನೇ ಸಾಕ್ಷಿ.

ಯಲಹಂಕದಾಚೆಯ ಅವರ ಹೊಲ ಲೇಔಟ್ ಆಯಿತು, ಕೊಟ್ಟಿಗೆ ಕಾರ್ ಪಾರ್ಕಿಂಗ್ ಆಯಿತು. ಆದರೆ ಮುಸ್ಸಂಜೆ ದನ ಎಣಿಸುವ ಅಭ್ಯಾಸ ಎಲ್ಲಿಗೆ ಹೋದೀತು? ದೊಡ್ಡಪ್ಪ ತಾರಸಿ ಹತ್ತಿ ನಕ್ಷತ್ರ ಎಣಿಸತೊಡಗಿದರು. ಒಂದೊಂದಕ್ಕೂ ಹಳೇ ಹಸುವಿನ ಹೆಸರು. ಕೆಂಪಗಿದ್ದದ್ದು ಕೆಂದಿ. ಅದು ವಾರದಿಂದ ವಾರಕ್ಕೆ ಬಡಕಲಾಗುತ್ತ, ಒಂದು ಸಂಜೆ ಬರಲೇ ಇಲ್ಲ.

ಸೀದಾ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹತ್ತಿರ ಹೋದರು. "ನಿಮ್ ನೀರಿನ್ ಟ್ಯಾಂಕ್ ಇಂದ್ಗಡೆ ಏನ್ ಮಡಗಿದ್ದೀರಿ?"

"ಏನಿಲ್ಲ ಸಾರ್. ಯಾಕೆ?"

"ನಮ್ ಕೆಂದಿ ಕಾಣ್ತಿಲ್ಲ."

ಪಾಪ, ಆತ ಹಸು ಅಂದುಕೊಂಡು ಗೇಟಿನ ಸಿಸಿಟಿವಿ ತೋರಿಸಿದನಂತೆ. ದೊಡ್ಡಪ್ಪ ಪೂರ್ತಿ ನೋಡಿ, "ಮೇಲ್ಗಡೀಕೆ ತಿರುಗ್ಸಿರೋ ಕ್ಯಾಮ್ರಾ ಇಲ್ವಾ?" ಅಂದರಂತೆ.

ಅವತ್ತೇ ಅವರ ಮಗ, ಅಂದರೆ ನನ್ನ ಅಣ್ಣ, ತಾರಸಿಗೆ ಬೀಗ ಹಾಕಿದ. "ಅಪ್ಪಂಗೆ ಮರೆವು ಶುರುವಾಗಿದೆ ಕಣೋ. ನಕ್ಷತ್ರ ಕಾಣೆಯಾಗಲ್ಲ ಅಂತ ನೀನೇ ಹೇಳು. ಎಂಎಸ್ಸಿ ಓದಿದ್ದೀಯ."

ನಾನು ಓದಿದ್ದು ಕೆಮಿಸ್ಟ್ರಿ. ಜೊತೆಗೆ ನಾನು ಎಲ್ಲರನ್ನೂ ಅನುಮಾನಿಸುವವನು. ಮೊದಲು ದೊಡ್ಡಪ್ಪನ ಕಣ್ಣಿನ ಮೇಲೆ ಅನುಮಾನ ಬಂತು, ಆಮೇಲೆ ಹೆಬ್ಬಾಳದ ಹೊಗೆಯ ಮೇಲೆ, ಕೊನೆಗೆ ಅಣ್ಣನ ಮೇಲೆ. ತಾರಸಿಯಲ್ಲಿ ಬಾಡಿಗೆಗೊಂದು ರೂಮ್ ಎಬ್ಬಿಸುವ ಯೋಚನೆ ಅವನಿಗಿತ್ತಲ್ಲ?

ದೊಡ್ಡಪ್ಪ ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು. "ಓದ್ವರ್ಸ ನಿಂಗೂ ತೋರ್ಸಿದ್ನಲ್ಲೋ. ನೀನೂ ಊಂ ಅಂದಿದ್ದೆ."

ಅಂದಿದ್ದೆನೇ? ಕೆಂಪು ಚುಕ್ಕಿಯೊಂದು ನೆನಪಿಗೇನೋ ಬಂತು. ಅದು ಯಾವುದೋ ವಿಮಾನದ ದೀಪವೂ ಆಗಿರಬಹುದು!

"ನೆನಪಿಲ್ಲ ದೊಡ್ಡಪ್ಪ."

"ಓಗ್ಲಿ ಬಿಡು." ಬೀಗ ಜಗ್ಗಿ ನೋಡಿ, "ನಂಗೇ ತಲೆ ಕೆಡ್ತಾ ಐತೇನ್ಲಾ?" ಅಂದರು.

ಪಕ್ಕದವರನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನನ್ನೇ ಅನುಮಾನಿಸಿದ್ದು ನಾನು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತೆ. ಕೆಂದಿ ಯಾವ ದಿಕ್ಕಿನಿಂದ ಬರುತ್ತಿದ್ದಳು, ಯಾರ ಮಗ್ಗುಲಿಗೆ ನಿಲ್ಲುತ್ತಿದ್ದಳು, ಎಲ್ಲ ಕೇಳಿಕೊಂಡೆ. ಮನೆಗೆ ಬಂದು ನಕ್ಷತ್ರಪಟ ಹುಡುಕಿದೆ. ಮಾರನೇ ದಿನ ಅಣ್ಣನಿಂದ ಬೀಗದ ಕೈ ಈಸಿಕೊಂಡು ದೊಡ್ಡಪ್ಪನ ಜೇಬಿಗೆ ಹಾಕಿದೆ.

ಹೋದ ವರ್ಷ ನಾನು ಕೆಂದಿಯನ್ನು ನೋಡಿದ್ದೆನೋ ಇಲ್ಲವೋ, ಈಗಲೂ ತಿಳಿಯದು. ಖಾತ್ರಿ ಮಾಡಿಕೊಂಡದ್ದು ಇಷ್ಟು: ದೊಡ್ಡಪ್ಪ ಹೇಳಿದ ಜಾಗದಲ್ಲೇ ಮೀರಾ ಎಂಬ ಮುದಿ ಕೆಂಪು ನಕ್ಷತ್ರವಿದೆ, ಅದರ ಮೈ ಉಬ್ಬುತ್ತದೆ, ಕುಗ್ಗುತ್ತದೆ, ತಿಂಗಳುಗಟ್ಟಲೆ ಬರಿಗಣ್ಣಿಗೆ ಕಾಣದೆ ಹೋಗಿ, ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ಬೆಳಗುತ್ತದೆ.