ಅರ್ಧ ಮೀಸೆಯ ಅಭಿಪ್ರಾಯ

ಮೇಷ್ಟ್ರು ಸಿನಿಮಾ ನೋಡಿದ್ದು ತಪ್ಪಲ್ಲ. ಮರುದಿನ ಬೆಳಿಗ್ಗೆ ಮೀಸೆ ಒಪ್ಪ ಮಾಡಿಸಲು ಹೋದವರು ಆ ಸಿನಿಮಾದ ಬಗ್ಗೆ ಯೋಚಿಸಿ ಉತ್ತರ ಕೊಟ್ಟದ್ದು ತಪ್ಪು.

ಮಧ್ಯಾಹ್ನ ಅವರ ಗೆಳತಿ ತನ್ನ ತಂದೆಯನ್ನು ಊಟಕ್ಕೆ ಕರೆತರುವವಳಿದ್ದಳು. ಮದುವೆಗೆ ಆತ ಒಪ್ಪಬೇಕಿತ್ತು. "ಮೀಸೆ ಇಲ್ಲದ ಗಂಡಸ್ರನ್ನ ಅಪ್ಪ ನಂಬಲ್ಲ. ಅದನ್ನ ಹುಷಾರಾಗಿ ನೋಡ್ಕೊಳ್ಳಿ" ಎಂದು ಫೋನಿನಲ್ಲೇ ಎಚ್ಚರಿಸಿದ್ದಳು.

ಬೀದಿಯಲ್ಲಿ ಎದುರುಬದುರಾಗಿ ಎರಡು ಕ್ಷೌರದಂಗಡಿ: ಒಂದು ಅಣ್ಣನದು, ಇನ್ನೊಂದು ತಮ್ಮನದು. ಆ ಸಿನಿಮಾ ನೋಡಿದ ಮೇಲೆ ಇಬ್ಬರ ನಡುವೆ ಮಾತಿಲ್ಲ. ಅದರಲ್ಲಿ ಯುದ್ಧ ತಪ್ಪಿಸಲು ಮಂತ್ರಿ ದೇಶಕ್ಕೆ ಸುಳ್ಳು ಹೇಳುತ್ತಾನೆ. ಕಾರ್ಯದರ್ಶಿ ಸತ್ಯ ಬಯಲು ಮಾಡುತ್ತಾನೆ. ಯುದ್ಧ ನಡೆದೇ ಹೋಗುತ್ತದೆ. ಅಣ್ಣ ಮಂತ್ರಿಯ ಕಡೆ, ತಮ್ಮ ಕಾರ್ಯದರ್ಶಿಯ ಕಡೆ.

"ನೀವೇ ಹೇಳಿ ಮೇಷ್ಟ್ರೇ, ಮಂತ್ರಿ ಮಾಡಿದ್ದು ಸರಿ ತಾನೇ?" ಅಣ್ಣ ಕತ್ತಿ ಮಸೆಯುತ್ತ ಕೇಳಿದ.

ರಸಾಯನಶಾಸ್ತ್ರದ ಮೇಷ್ಟ್ರು ಪ್ರಯೋಗದ ಫಲಿತಾಂಶ ಹೇಳುವಷ್ಟು ಜಾಗ್ರತೆಯಿಂದ, "ಅರ್ಧ ಸರಿ, ಅರ್ಧ ತಪ್ಪು" ಎಂದರು.

"ಅರ್ಧಾನಾ? ಹಾಗಾದ್ರೆ ಮೀಸೇನೂ ಅರ್ಧ ಇರ್ಲಿ!"

ಕತ್ತಿ ಒಮ್ಮೆ ಸರಿಯಿತು. ಮೇಲ್ದುಟಿಯ ಎಡಭಾಗ ತೊಳೆದಿಟ್ಟ ಗಾಜಿನ ಕೊಳವೆಯಂತೆ ಹೊಳೆಯಿತು.

ಉಳಿದದ್ದನ್ನು ಬೋಳಿಸಿದರೆ ನಂಬಿಕೆ ಹೋಗುತ್ತದೆ, ಬಿಟ್ಟರೆ ಮಾನ. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಮನೆಗೆ ಓಡಿದರು. ಮನೆ ಮಾಲೀಕನ ಹೆಂಡತಿ, "ಬೂಟ್ ಪಾಲಿಶ್ ಹಚ್ಚಿ, ಯಾರಿಗ್ ಗೊತ್ತಾಗತ್ತೆ?" ಎಂದರು. ಹಚ್ಚಿದರು. ಒಂದೇ ಸೀನಿಗೆ ಮೀಸೆ ಕಿವಿಯ ತನಕ ಹರಡಿತು. ಪಕ್ಕದ ಮನೆಯ ಕಾಂಪೌಂಡರ್ ಅದನ್ನು ಒರೆಸಿ, ಬ್ಯಾಂಡೇಜ್ ಕತ್ತರಿಸಿ ಅಂಟಿಸಿ, "ಗಾಯ ಅಂತ ಹೇಳಿ" ಎಂದು ಕತ್ತರಿಯನ್ನು ಮೇಜಿನ ಮೇಲೇ ಮರೆತು ಹೋದ.

ಬಾಗಿಲ ಕರೆಗಂಟೆ ಸದ್ದು ಮಾಡಿತು. ಗೆಳತಿಯ ಹಿಂದೆ ಅವಳ ತಂದೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ಮೇಷ್ಟ್ರು ನಮಸ್ಕರಿಸಲು ಬಗ್ಗಿದ್ದೇ ತಡ, ಬೆವರಿಗೆ ಸಡಿಲವಾಗಿದ್ದ ಬ್ಯಾಂಡೇಜ್ ಆ ಹಿರಿಯರ ಪಾದದ ಮೇಲೆ ಬಿತ್ತು.

ಅವರು ದಿಟ್ಟಿಸಿ ನೋಡಿದರು. ನಿಧಾನವಾಗಿ ಕರವಸ್ತ್ರ ತೆಗೆದರು. ಬಲ ಅರ್ಧ ಬೋಳು!

"ಒಪ್ಪ ಮಾಡಿಸೋಣ ಅಂತ ಬರೋ ದಾರೀಲಿ ನಿಮ್ಮ ಬೀದೀಲೇ ಇಳಿದೆ ಕಣಯ್ಯಾ. ತಮ್ಮನ ಅಂಗಡಿ. ಕಾರ್ಯದರ್ಶಿ ಅರ್ಧ ಸರಿ, ಅರ್ಧ ತಪ್ಪು ಅಂದೆ. ನೀನು?"

"ಅಣ್ಣನ ಅಂಗಡಿ ಸಾರ್. ನಾನೂ ಅದನ್ನೇ ಅಂದೆ."

ಕನ್ನಡಿಯ ಮುಂದೆ ನಿಂತಂತೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

"ತೂಗಿ ನೋಡಿ ಮಾತಾಡೋ ಹುಡುಗ. ನಂಗೆ ಒಪ್ಪಿಗೆ. ಮೀಸೆ ಬೆಳೀಲಿ, ಮದುವೆ ಮಾಡೋಣ."

ಗೆಳತಿ ಮಾತ್ರ ನಗಲಿಲ್ಲ.

"ಏನದು ಅರ್ಧರ್ಧ? ಆ ಕಾರ್ಯದರ್ಶಿ ಮಾಡಿದ್ದು ಪೂರ್ತಿ ಸರಿ. ಎಲ್ಲಿ, ಇಬ್ರೂ ಈಗ ಇನ್ನೊಂದ್ ಸಲ ಹೇಳಿ ನೋಡೋಣ" ಎಂದು ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು.

ಮಾವ, ಅಳಿಯ ಇಬ್ಬರ ಕೈಯೂ ಒಟ್ಟಿಗೇ ಮೇಲೆದ್ದು, ಉಳಿದರ್ಧ ಮೀಸೆಯನ್ನು ಮುಚ್ಚಿಕೊಂಡಿತು.