ಹ್ಯಾಂಡಲ್ ಅಣ್ಣನದು, ಬಟನ್ ತಮ್ಮನದು

ಐವತ್ತು ದಾಟಿದ ಗಂಡಸಿನ ಕೈಗೆ ಚಿಕ್ಕಂದಿನ ಆಟ ಮರಳಿ ಸಿಕ್ಕಿದರೆ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಬೇರೆಯವರ ಮನೆಗೆ ಈ ವಯಸ್ಸಿನಲ್ಲಿ ಬಿ.ಪಿ. ಮಾತ್ರೆ, ಸಕ್ಕರೆ ಹಾಕದ ಚಹಾ, ಬೆಳಗಿನ ವಾಕಿಂಗ್ ಬರುತ್ತವೆ. ಕಾಮೋಠೆಯ ನಮ್ಮ ಫ್ಲ್ಯಾಟಿಗೆ ಇವೆಲ್ಲದರ ಜೊತೆಗೆ ವಿಡಿಯೋ ಗೇಮ್ ಕೂಡ ಬಂತು. ನಾನು ಆಡುವವಳಲ್ಲ, ನೋಡುವವಳು. ಆಡುವವರಿಗಿಂತ ನೋಡುವವರಿಗೇ ಹೆಚ್ಚು ಕಾಣಿಸುತ್ತದೆ ಎಂಬುದು ಈ ಮನೆಯಲ್ಲಿ ನನಗೆ ಖಾತ್ರಿಯಾಗಿದೆ.

ಅರ್ಧ ಆಟಗಾರ

ಮಗಳು ಠಾಣೆಯಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ನನಗೊಂದು ಸೀರೆ, ಅಪ್ಪನಿಗೊಂದು ಪೆಟ್ಟಿಗೆ ತಂದಳು. ಆ ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿದರೆ ಹಳೆಯ ಪಾರ್ಲರಿನ ಆಟಗಳೆಲ್ಲ ಹೊಸ ಬಣ್ಣ, ಹೊಸ ಸಂಗೀತ ಹಾಕಿಕೊಂಡು ಬರುತ್ತವೆ. ಜೊತೆಗೆ ಒಂದು ಅಗಲವಾದ ಹಲಗೆ. ಅದರ ಎಡಕ್ಕೆ ಹ್ಯಾಂಡಲ್, ಬಲಕ್ಕೆ ಬಟನ್. ಆ ಹಲಗೆ ಕಂಡದ್ದೇ ನಮ್ಮ ಯಜಮಾನರ ಮುಖ ಅರಳಿತು. ಮದುವೆಯ ದಿನ ನನ್ನನ್ನು ನೋಡಿ ಅಷ್ಟು ಅರಳಿದ ನೆನಪು ನನಗಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಮ್ಮ ಮಾವನವರ ಸಸ್ಯಾಹಾರಿ ಹೋಟೆಲು ಇತ್ತು. ಪಕ್ಕದ ಗಲ್ಲಿಯಲ್ಲಿ ವಿಡಿಯೋ ಗೇಮ್ ಪಾರ್ಲರು. ಯಜಮಾನರು ಅಲ್ಲಿನ ತಮ್ಮ ಪರಾಕ್ರಮವನ್ನು ಅರ್ಧ ಗಂಟೆ ವರ್ಣಿಸಿ, ಅಂಗಿಯ ತೋಳು ಮಡಚಿ, ಆಟಕ್ಕೆ ಕೂತರು. ಮೇಲಿನಿಂದ ಸಾಲುಸಾಲಾಗಿ ರಾಕ್ಷಸರು ಇಳಿದು ಬರುತ್ತಾರೆ, ಕೆಳಗೊಂದು ಪುಟ್ಟ ವಿಮಾನ ಅತ್ತಿತ್ತ ಓಡುತ್ತಾ ಗುಂಡು ಹಾರಿಸಬೇಕು. ಇವರ ಬಲಗೈ ಹೊಲಿಗೆ ಮೆಷಿನ್ನಿನ ಹಾಗೆ ಬಟನ್ ಒತ್ತಿತು. ಎಡಗೈ ಹ್ಯಾಂಡಲಿನ ಮೇಲೆ ಕಲ್ಲಿನ ಹಾಗೆ ಕೂತಿತ್ತು. ವಿಮಾನ ಇದ್ದಲ್ಲೇ ಇದ್ದು ಸತ್ತಿತು. ಮತ್ತೆ ಆಡಿದರು, ಮತ್ತೆ ಸತ್ತಿತು.

ಮಗಳು ಕೆದಕಿ ಕೇಳಿದ ಮೇಲೆ ನಿಜ ಹೊರಬಿತ್ತು. ಮಾವನವರು ಮಕ್ಕಳಿಬ್ಬರಿಗೂ ಸೇರಿ ಒಂದೇ ಕಾಯಿನ್ ಕೊಡುತ್ತಿದ್ದರಂತೆ. ಅದಕ್ಕೆ ಅಣ್ಣ ತಮ್ಮ ಒಂದೇ ಆಟವನ್ನು ಹಂಚಿಕೊಂಡರು. ಹ್ಯಾಂಡಲ್ ಅಣ್ಣನದು, ಬಟನ್ ತಮ್ಮನದು. ಶಾಲೆ ಮುಗಿಯುವ ತನಕ ಹಾಗೇ ಆಡಿದ್ದರಿಂದ ಇವರಿಗೆ ವಿಮಾನ ಓಡಿಸುವುದು ಗೊತ್ತೇ ಇಲ್ಲ.

ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. “ಮತ್ಲಬ್ ಪಪ್ಪಾ, ಆಪ್‌ಕೋ ಆಧಾ ಹೀ ಗೇಮ್ ಆತಾ ಹೈ,” ಎಂದಳು. ಅಂದರೆ ಅಪ್ಪನಿಗೆ ಬರುವುದು ಅರ್ಧ ಆಟ ಮಾತ್ರ.

ನಾನು ಹ್ಯಾಂಡಲ್ ಹಿಡಿದದ್ದು

ಉಳಿದರ್ಧಕ್ಕೆ ಯಾರನ್ನು ಕರೆಯಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅಣ್ಣ ತಮ್ಮಂದಿರು ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ಕಾರಣ ಹೋಟೆಲು. ಮಾವನವರ ನಂತರ ಅದನ್ನು ನಡೆಸುತ್ತಿರುವುದು ಭಾವ, ಅಂದರೆ ಯಜಮಾನರ ಅಣ್ಣ. ಅವರು ಹೋದ ವರ್ಷ ಅದನ್ನು ಪೂರ್ತಿ ಹೊಸದು ಮಾಡಿದರು. ಗಾಜಿನ ಬಾಗಿಲು, ಏಸಿ, ಆರ್ಡರ್ ತೆಗೆದುಕೊಳ್ಳಲಿಕ್ಕೆ ಟ್ಯಾಬ್, ಮೆನುವಿನಲ್ಲಿ ಶೆಜ್ವಾನ್ ದೋಸೆ. ಮಾವನವರ ಕಾಲದ ಕಲ್ಲಿನ ಮೇಜುಗಳು ಹೋಗಿದ್ದವು. ಉದ್ಘಾಟನೆಯ ದಿನ ನಮ್ಮ ಯಜಮಾನರು ಮೇಜುಗಳ ನಡುವೆ ಒಂದು ಸುತ್ತು ಬಂದು, ಅತಿಥಿಗಳ ಎದುರೇ, ಅಪ್ಪನ ಹೋಟೆಲು ಎಲ್ಲಿ ಹೋಯಿತು ಎಂದು ಕೇಳಿದರು. ಬೇಡದವರು ಮನೆಯಲ್ಲಿ ದೋಸೆ ಹೊಯ್ದುಕೊಂಡು ತಿನ್ನಲಿ ಎಂದರು ಭಾವ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವರ ನಡುವಿನ ಮಾತೆಲ್ಲ ನಮ್ಮ ಅತ್ತೆಯ ಮೂಲಕ. ಅತ್ತೆ ಡೊಂಬಿವಲಿಯಲ್ಲಿ ದೊಡ್ಡ ಮಗನ ಜೊತೆ ಇರುವುದು, ಆಗಾಗ ನಮ್ಮಲ್ಲಿಗೂ ಬರುತ್ತಾರೆ. ಅಮ್ಮ, ಅವನಿಗೆ ಹೇಳು ಎಂದು ಇವರು, ಅಮ್ಮ, ಅವನಿಗೆ ಹೇಳು ಎಂದು ಅವರು.

ಹಾಗಾಗಿ ಹ್ಯಾಂಡಲ್ ನನ್ನ ಪಾಲಿಗೆ ಬಂತು. ನಾನು ಇಷ್ಟು ವರ್ಷ ಲೋಕಲ್ ಗಾಡಿಯ ಲೇಡೀಸ್ ಡಬ್ಬದಲ್ಲಿ ಓಡಾಡಿದವಳು. ಎಲ್ಲಿ ಸಂದು ಕಾಣುತ್ತದೋ ಅಲ್ಲಿಗೆ ನುಗ್ಗುವುದು, ಮೈಗೆ ಮೈ ತಾಗದ ಹಾಗೆ ಪಾರಾಗುವುದು ನನಗೆ ರಕ್ತದಲ್ಲೇ ಬಂದಿದೆ. ನನ್ನ ವಿಮಾನ ಸಾಯಲೇ ಇಲ್ಲ. ಒಂದು ರಾಕ್ಷಸನಿಗೂ ಗುಂಡು ತಾಗಲೂ ಇಲ್ಲ, ಏಕೆಂದರೆ ನಾನು ಯಾರ ಎದುರೂ ನಿಲ್ಲಲಿಲ್ಲ. ಇವರು ಬಟನ್ ಒತ್ತಿ ಒತ್ತಿ ಬೆವರಿದರು. ಅಣ್ಣ ಆಗಿದ್ದರೆ ಸೀದಾ ರಾಕ್ಷಸನ ಎದುರಿಗೆ ಒಯ್ದು ನಿಲ್ಲಿಸುತ್ತಿದ್ದ ಎಂದು ಬಾಯಿ ತಪ್ಪಿ ಅಂದುಬಿಟ್ಟರು. ನನಗೆ ಅಯ್ಯೋ ಅನಿಸಿತು.

ಆಮೇಲೆ ಹಲಗೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, “ನಿನ್ನದು ಯುದ್ಧ ಅಲ್ಲ ಮಾರಾಯ್ತಿ, ಸೀಟ್ ಹುಡುಕುವುದು,” ಎಂದರು.

ಐರೋಲಿಯವರೆಗೆ

ಅದೇ ಆಟ ಮೊಬೈಲಿನಲ್ಲೂ ಸಿಗುತ್ತದೆ ಎಂದು ಮಗಳು ಹಾಕಿಕೊಟ್ಟಳು. ಪರದೆಯ ಎಡಗಡೆ ಬೆರಳಾಡಿಸಿದರೆ ವಿಮಾನ ಓಡುತ್ತದೆ, ಬಲಗಡೆ ಒತ್ತಿದರೆ ಗುಂಡು. ಯಜಮಾನರ ಆಫೀಸು ಮಹಾಪೆಯಲ್ಲಿ. ದಿನಾ ಠಾಣೆ ಗಾಡಿ ಹತ್ತಿ ಘಣಸೋಲಿಯಲ್ಲಿ ಇಳಿಯುತ್ತಾರೆ. ಗಾಡಿಯಲ್ಲಿ ಕೂತು ಆಡುವುದು, ಸಾಯುವುದು, ಆಡುವುದು, ಸಾಯುವುದು.

ನಮ್ಮ ಕಡೆಯ ಗಾಡಿಗಳಲ್ಲಿ ಒಬ್ಬನ ಮೊಬೈಲ್ ಅಂದರೆ ಇಡೀ ಸೀಟಿನದು. ಪಕ್ಕದಲ್ಲಿ ಕೂತವನೊಬ್ಬ ಬೇಲಾಪುರದಿಂದ ನೋಡುತ್ತಲೇ ಇದ್ದನಂತೆ. ನೆರೂಳಿನ ತನಕ ತಡೆದುಕೊಂಡ. ಆಮೇಲೆ ತಡೆಯಲಾಗದೆ, ಥಾಂಬಾ ಕಾಕಾ, ಸ್ವಲ್ಪ ನಿಲ್ಲಿ ಎಂದು ಮರಾಠಿಯಲ್ಲಿ ಹೇಳಿ, ಕೇಳದೆಯೇ ತನ್ನ ಹೆಬ್ಬೆರಳನ್ನು ಇವರ ಮೊಬೈಲಿನ ಎಡಗಡೆ ಇಟ್ಟುಬಿಟ್ಟ. ಇವರು ಬಲಗಡೆ ಒತ್ತಿದರು. ವಿಮಾನ ಮೊದಲ ಸಲ ಎರಡನೇ ಸುತ್ತು ದಾಟಿತು. ಎದುರು ಸೀಟಿನವರು ಎದ್ದು ನಿಂತು ನೋಡಿದರು. ಘಣಸೋಲಿ ಬಂತು, ಇವರು ಏಳಲಿಲ್ಲ. ಅವನು ಐರೋಲಿಯಲ್ಲಿ ಇಳಿದು ಹೋದ, ವಿಮಾನ ಅಲ್ಲೇ ಸತ್ತಿತು. ಇವರು ಠಾಣೆಗೆ ಹೋಗಿ, ವಾಪಸ್ಸಿನ ಗಾಡಿ ಹಿಡಿದು, ಆಫೀಸಿಗೆ ತಡವಾಗಿ ಮುಟ್ಟಿದರು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಮುಖದಲ್ಲಿ ಪಶ್ಚಾತ್ತಾಪ ಲವಲೇಶವೂ ಇರಲಿಲ್ಲ. ಅಷ್ಟು ಹೊತ್ತು ಒಟ್ಟಿಗೆ ಕೂತಿರಲ್ಲ, ಆ ಮನುಷ್ಯ ಯಾರು, ಯಾವ ಊರಿನವನು ಎಂದು ಕೇಳಿದೆ.

“ಅದೆಲ್ಲ ಗೊತ್ತಿಲ್ಲ,” ಎಂದರು. “ಎಡಗೈ ಒಳ್ಳೆಯದಿತ್ತು.”

ಹಿಂದಕ್ಕೆ ಹೋಗುವ ಬಟನ್

ಆ ಪೆಟ್ಟಿಗೆಯ ಆಟದಲ್ಲಿ ಒಂದು ವಿಶೇಷ ಉಂಟು. ಹಲಗೆಯ ಮೂಲೆಯ ಬಟನ್ ಒತ್ತಿದರೆ ಬೆಟ್ಟ, ಮೋಡ, ಹೊಗೆ, ಸಂಗೀತ ಎಲ್ಲ ಮಾಯವಾಗಿ ಹಳೆಯ ಕಾಲದ ಚಿತ್ರವೇ ಬರುತ್ತದೆ. ಕಪ್ಪು ಆಕಾಶ, ಚೌಕ ಚೌಕದ ರಾಕ್ಷಸರು, ಕುಂಯ್ ಕುಂಯ್ ಶಬ್ದ. ಮತ್ತೆ ಒತ್ತಿದರೆ ಹೊಸದು.

ಒಂದು ಭಾನುವಾರ ಇವರು ಆಟ ಬಿಟ್ಟು ಅದನ್ನೇ ಒತ್ತುತ್ತಾ ಕೂತಿದ್ದರು. ಹಳೆಯದು, ಹೊಸದು, ಹಳೆಯದು. ನಾನು ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿದ್ದೆ. ವಿಚಿತ್ರ ನೋಡು ಎಂದು ಅವರೇ ಶುರು ಮಾಡಿದರು. ಚಿಕ್ಕಂದಿನಲ್ಲಿ ನಾನು ಕಂಡದ್ದು ಈ ಹೊಸ ಚಿತ್ರದ ಹಾಗೇ ಇತ್ತು ಎಂದು ಇಷ್ಟು ವರ್ಷ ನಂಬಿದ್ದೆ, ಹಳೆಯದನ್ನು ಕಣ್ಣಾರೆ ನೋಡಿದರೆ ಬರೀ ನಾಲ್ಕು ಚುಕ್ಕಿ ಎಂದರು. ಬೆಟ್ಟವನ್ನೂ ಮೋಡವನ್ನೂ ಅಣ್ಣ ತಮ್ಮ ಇಬ್ಬರೂ ಮನಸ್ಸಿನಲ್ಲೇ ಮಾಡಿಕೊಂಡಿದ್ದರಂತೆ.

ನನಗೆ ಆ ಮಾತು ಹಿಡಿಸಿತು. ನಾವೆಲ್ಲ ಹಳೆಯದು ಹಳೆಯದು ಎಂದು ಹಂಬಲಿಸುವುದು ಹಳೆಯದಕ್ಕಲ್ಲ, ನಾವು ಅದಕ್ಕೆ ಸೇರಿಸಿಟ್ಟ ಬೆಟ್ಟ ಮೋಡಗಳಿಗೆ. ಸಮಯ ನೋಡಿ ಕೇಳಿಯೇ ಬಿಟ್ಟೆ. ಆಟ ಹೊಸದಾದರೆ ನಿಮಗೆ ಖುಷಿ, ಹೋಟೆಲು ಹೊಸದಾದರೆ ಸಿಟ್ಟು, ಇದು ಯಾವ ನ್ಯಾಯ?

ಅವರು ಆ ಬಟನ್ ಇನ್ನೆರಡು ಸಲ ಒತ್ತಿದರು. ಆಮೇಲೆ ಟಿ.ವಿ. ಕಡೆಗೇ ನೋಡುತ್ತಾ, “ಇದರಲ್ಲಿ ಹಳೆಯದಕ್ಕೆ ಹೋಗಲಿಕ್ಕೆ ಒಂದು ಬಟನ್ ಉಂಟು. ಅಣ್ಣನ ಹೋಟೆಲಿನಲ್ಲಿ ಎಲ್ಲಿ ಉಂಟು?” ಎಂದರು.

ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ದಿನ ಹಟ ಎಂದುಕೊಂಡದ್ದು ಹಟವಲ್ಲ, ಅಪ್ಪನನ್ನು ಎಲ್ಲಿ ಹುಡುಕುವುದು ಎಂಬ ದಿಗಿಲು ಎಂದು ತಿಳಿಯಿತು. ಸಮಾಧಾನಕ್ಕೆ ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಇವರೇ ನನ್ನ ಕಡೆ ವಾಲಿ, ಶೆಜ್ವಾನ್ ದೋಸೆ ಹೇಗಿರುತ್ತದಂತೆ ಎಂದು ಗುಟ್ಟಿನಲ್ಲಿ ಕೇಳಿದರು.

ಅಮ್ಮ, ಅವನಿಗೆ ಹೇಳು

ಅತ್ತೆ ನಮ್ಮಲ್ಲಿಗೆ ಬಂದು ಕೆಲವು ದಿನ ಇದ್ದರು. ಅವರನ್ನು ವಾಪಸ್ಸು ಕರೆದುಕೊಂಡು ಹೋಗಲು ಭಾವ ಡೊಂಬಿವಲಿಯಿಂದ ಕಾರಿನಲ್ಲಿ ಬರುವುದು ರೂಢಿ. ಜಗಳದ ನಂತರ ಅವರು ಮೇಲೆ ಹತ್ತಿರಲಿಲ್ಲ. ಕೆಳಗೆ ಗೇಟಿನಲ್ಲಿ ನಿಂತು ಫೋನ್ ಮಾಡುವುದು, ಅತ್ತೆ ಇಳಿಯುವುದು. ಈ ಸಲ ಅತ್ತೆ ತಮ್ಮ ಸೂಟ್‌ಕೇಸಿಗೆ ನನ್ನ ಹತ್ತಿರ ಇಡ್ಲಿ ಅಕ್ಕಿ, ಕೊಬ್ಬರಿ, ಇನ್ನೂ ಏನೇನೋ ಕೇಳಿ ಪಡೆದು ತುಂಬಿದರು. ಡೊಂಬಿವಲಿಯಲ್ಲಿ ಸ್ವಂತ ಹೋಟೆಲಿದ್ದವರಿಗೆ ಕಾಮೋಠೆಯ ಇಡ್ಲಿ ಅಕ್ಕಿ ಏಕೆ ಎಂದು ನಾನು ಕೇಳಲಿಲ್ಲ. ಭಾರ ಎತ್ತಲಾಗುವುದಿಲ್ಲ, ಮೇಲೆ ಬಾ ಎಂದು ಮಗನಿಗೆ ಫೋನಿನಲ್ಲಿ ಹೇಳಿದರು.

ಭಾವ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದೆ. ಚಪ್ಪಲಿ ಬಿಚ್ಚಿದರು, ಕೂರಲಿಲ್ಲ. ಯಜಮಾನರು ತಿರುಗಿ ನೋಡಲಿಲ್ಲ, ಆಡುತ್ತಲೇ ಇದ್ದರು. ಅಂದರೆ ಸಾಯುತ್ತಲೇ ಇದ್ದರು. ಭಾವನ ಕಣ್ಣು ಟಿ.ವಿ.ಗೆ ಹೋಯಿತು. ಎಡಗೈ ಪ್ಯಾಂಟಿನ ಪಕ್ಕದಲ್ಲಿ ತನ್ನಷ್ಟಕ್ಕೆ ಮಿಸುಕಾಡತೊಡಗಿತು. ವಿಮಾನ ಒಂದು ಸಲ ಸತ್ತಿತು, ತಡೆದುಕೊಂಡರು. ಇನ್ನೊಂದು ಸಲ ಸತ್ತಿತು.

“ಅಮ್ಮ, ಅವನಿಗೆ ಎಡಕ್ಕೆ ಹೋಗಲಿಕ್ಕೆ ಹೇಳು,” ಎಂದರು.

ಅತ್ತೆ ಸೂಟ್‌ಕೇಸಿನ ಮೇಲೆ ಕೂತಿದ್ದವರು ಚಿಕ್ಕ ಮಗನ ಕಡೆ ತಿರುಗಿ, ಎಡಕ್ಕೆ ಹೋಗಬೇಕಂತೆ ಎಂದು ಮುಟ್ಟಿಸಿದರು. ಅಷ್ಟರಲ್ಲಿ ವಿಮಾನ ಸತ್ತಿತ್ತು. ಹೇಳುವವರು ಸ್ವಲ್ಪ ಬೇಗ ಹೇಳಲಿ ಅಂತ ಹೇಳಮ್ಮ ಎಂದರು ಯಜಮಾನರು. ಬೇಗ ಹೇಳಬೇಕಂತೆ ಎಂದು ಅತ್ತೆ ಈ ಕಡೆ ತಿರುಗಿದರು. ಬಲಗಡೆ ನೋಡಲಿಕ್ಕೆ ಹೇಳು ಎಂದರು ಭಾವ. ಬಲಗಡೆ ನೋಡಬೇಕಂತೆ. ಸತ್ತಿತು. ಈಗ ನಿಲ್ಲಲಿಕ್ಕೆ ಹೇಳು. ನಿಲ್ಲಬೇಕಂತೆ. ಸತ್ತಿತು. ಅತ್ತೆಯ ಕುತ್ತಿಗೆ ಅತ್ತಿಂದಿತ್ತ ಹೊರಳಿ ಹೊರಳಿ ಸೋತಿತು. ಮಗಳು ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು.

ಕಡೆಗೆ ಅತ್ತೆ ಎದ್ದು ನಿಂತರು. “ನನ್ನಿಂದ ಆಗುವುದಿಲ್ಲ. ಒಂದು ವರ್ಷ ನಿಮ್ಮ ಮಾತು ಹೊತ್ತು ಹೊತ್ತು ಸಾಕಾಯಿತು. ಇನ್ನು ನೀವೇ ಮಾತಾಡಿಕೊಂಡು ಸಾಯಿರಿ.”

ಯಜಮಾನರು ಟಿ.ವಿ. ನೋಡುತ್ತಲೇ ಸೋಫಾದಲ್ಲಿ ಒಂದು ಚೂರು ಬಲಕ್ಕೆ ಸರಿದರು. ಎಡಗಡೆ ಒಬ್ಬರು ಕೂರುವಷ್ಟು ಜಾಗವಾಯಿತು. ಭಾವ ಕೂತರು, ಹ್ಯಾಂಡಲ್ ಹಿಡಿದರು. ಏನು ಹೇಳಲಿ, ಆ ವಿಮಾನಕ್ಕೆ ಜೀವ ಬಂತು. ತಗೋ, ಹೊಡಿ, ಬಿಡಬೇಡ, ಆ ಮೂಲೆಯವನನ್ನು ನನಗೆ ಬಿಡು ಎಂದು ಇಬ್ಬರೂ ತಮ್ಮ ಚಿಕ್ಕಂದಿನ ತುಳುವಿನಲ್ಲಿ ಕಿರುಚತೊಡಗಿದರು. ನಾನು ಚಹಾಕ್ಕೆ ಇಟ್ಟು ಬರುವಷ್ಟರಲ್ಲಿ ಐದಾರು ಸುತ್ತು ದಾಟಿದ್ದರು.

ನಡುವೆ ಭಾವ ಪರದೆಯಿಂದ ಕಣ್ಣು ತೆಗೆಯದೆ, “ಅಪ್ಪನ ಕಲ್ಲಿನ ಮೇಜು ಒಂದು ಇಟ್ಟುಕೊಂಡಿದ್ದೇನೆ. ಒಳಗೆ, ಅಡುಗೆಮನೆಯ ಹತ್ತಿರ. ನಾನು ಕಾಫಿ ಕುಡಿಯುವುದು ಅಲ್ಲೇ ಕೂತು. ನೀನು ಅವತ್ತು ಅಲ್ಲಿಯ ತನಕ ಬರಲೇ ಇಲ್ಲ,” ಎಂದರು.

ಯಜಮಾನರ ಬೆರಳು ಬಟನ್ನಿನ ಮೇಲೆ ನಿಂತುಹೋಯಿತು. ವಿಮಾನ ಸತ್ತಿತು. ಅದಕ್ಕೆ ಆಟ ಯಾಕೆ ನಿಲ್ಲಿಸಬೇಕು ಮಾರಾಯ, ಒತ್ತು ಎಂದು ಭಾವ ಗದರಿದರು. ಇವರು ಕಣ್ಣು ಒರೆಸಿಕೊಂಡು ಒತ್ತಿದರು. ಬರುವ ಭಾನುವಾರ ಬರುತ್ತೇನೆ ಎಂದರು. ಆಮೇಲೆ, ಅಪ್ಪನ ದೂರಾಲೋಚನೆ ಈಗ ಅರ್ಥವಾಗುತ್ತದೆ, ಅಣ್ಣ ತಮ್ಮ ಯಾವತ್ತೂ ಒಟ್ಟಿಗಿರಲಿ ಎಂದೇ ಅಪ್ಪ ನಮಗೆ ಒಂದೇ ಕಾಯಿನ್ ಕೊಡುತ್ತಿದ್ದರು ಎಂದರು. ಭಾವನೂ ಹೌದು ಹೌದೆಂದು ತಲೆಯಾಡಿಸಿದರು. ನನಗೂ ಸೆರಗು ಕಣ್ಣಿಗೆ ಹೋಯಿತು.

“ಎಂತ ಒಟ್ಟಿಗೆ,” ಎಂದರು ಅತ್ತೆ. “ಮಹಾ ಜಿಪುಣ ಅವರು.”

ಅಷ್ಟು ಹೇಳಿ ಮೊಮ್ಮಗಳ ಕಡೆ ತಿರುಗಿ, ಇದಕ್ಕೆ ಕಾಯಿನ್ ಹಾಕುವುದು ಬೇಡವಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಹಾಗಾದರೆ ಆಡಲಿ ಎಂದು, ಎತ್ತಲಾಗುವುದಿಲ್ಲ ಎಂದಿದ್ದ ಆ ಸೂಟ್‌ಕೇಸನ್ನು ತಾವೇ ಸಲೀಸಾಗಿ ಎತ್ತಿಕೊಂಡು ಒಳಗೆ ಹೋದರು.